ಕೈತೋಟದ ಲೆಕ್ಕ: ಟೇಪು, ಬಕೆಟ್ಟು, ಒಂದು ನೋಟ್‌ಬುಕ್ಕು

ಹೋದ ಸಂಚಿಕೆಯಲ್ಲಿ "ಗಿಡ ತರೋ ಮೊದಲು ಜಾಗ ಅಳೀರಿ" ಅಂತ ಒಂದೇ ಒಂದು ಸಾಲು ಬರೆದಿದ್ದೆ, ಅದಕ್ಕೆ ಇಷ್ಟೊಂದು ಪ್ರಶ್ನೆ ಬರ್ತಾವೆ ಅಂತ ಅಂದ್ಕೊಂಡಿರಲಿಲ್ಲ. ಹೆಚ್ಚಿನವರು ಕೇಳಿರೋದು ಎಷ್ಟು ಮಣ್ಣು, ಎಷ್ಟು ನೀರು, ಎಷ್ಟು ಗಿಡ, ಎಷ್ಟು ಭಾರ ಅನ್ನೋದನ್ನೇ, ಹಾಗಾಗಿ ಈ ಸಲ ಪೂರ್ತಿ ಲೆಕ್ಕಕ್ಕೇ ಬಿಟ್ಟಿದೀನಿ. ಮೂವತ್ತು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟೋಳು ನಾನು, ಇದರಲ್ಲಿ ಯಾವುದೂ ಏಳನೇ ಕ್ಲಾಸು ದಾಟಲ್ಲ, ಹೆದರಬೇಡಿ.

ಪ್ರಶ್ನೆ: ಟೀಚರ್, ನಮ್ಮ ಮನೆ ಹಿಂದೆ 10 ಅಡಿ ಅಗಲ 12 ಅಡಿ ಉದ್ದದ ಜಾಗ ಉಳಿದಿದೆ, ಒಂದು ಪಕ್ಕ ಕಾಂಪೌಂಡು, ಇನ್ನೊಂದು ಪಕ್ಕ ಗಾಡಿ ಶೆಡ್ಡಿನ ಗೋಡೆ. ತರಕಾರಿ ಹಾಕೋಣ ಅಂತ ಆಸೆ. ಗೊಬ್ಬರ ತರೋರು ಎರಡು ಟ್ರ್ಯಾಕ್ಟರ್ ಲೋಡು ಬೇಕೇ ಬೇಕು ಅಂತಿದಾರೆ. ನಿಜಾನಾ? ಪಾತಿ ಹೇಗೆ ಮಾಡಿಕೊಳ್ಳೋದು? (ಮೈಸೂರು)

ಉತ್ತರ: ಮೊದಲು ಪಾತಿ, ಆಮೇಲೆ ಗೊಬ್ಬರ, ಯಾಕಂದ್ರೆ ಪಾತಿ ಎಷ್ಟು ಅಂತ ಗೊತ್ತಿಲ್ಲದೆ ಗೊಬ್ಬರ ಎಷ್ಟು ಅಂತ ಹೇಳೋಕೆ ಬರಲ್ಲ. ಪಾತಿಯ ಪಕ್ಕ ಕೂತ್ಕೊಂಡು ಕೈ ಚಾಚಿ ನೋಡಿ, ಕಳೆ ಕೀಳೋಕೆ ಆರಾಮಾಗಿ ಎಷ್ಟು ದೂರ ಸಿಗತ್ತೆ? ಹೆಚ್ಚಿನವರಿಗೆ 2 ಅಡಿ. ಎಲ್ಲರೂ ಮಾಡೋ ತಪ್ಪು ಏನಂದ್ರೆ 4 ಅಡಿಯ ಎರಡು ಪಾತಿ ಮಾಡಿ ಮಧ್ಯೆ 2 ಅಡಿ ದಾರಿ ಬಿಡ್ತಾರೆ, ಲೆಕ್ಕಕ್ಕೆ 10 ಅಡಿ ಸರಿಯಾಗಿ ಬಂತು ಅಂತ ಸಮಾಧಾನ ಆಗತ್ತೆ, ಆದ್ರೆ ಗೋಡೆ ಪಕ್ಕದ ಪಾತಿಗೆ ಒಂದೇ ಕಡೆಯಿಂದ ಕೈ ಹೋಗೋದು, ಗೋಡೆ ಬುಡದ 2 ಅಡಿಗೆ ಕೈ ಸಿಗಲ್ಲ, ಕಡೆಗೆ ಪಾತಿ ಮೇಲೇ ಕಾಲಿಟ್ಟು ಮಣ್ಣು ಗಟ್ಟಿ ಮಾಡ್ತಾರೆ. ಅದಕ್ಕೇ ನಾನು ಹೇಳೋದು, ಗೋಡೆ ಪಕ್ಕ 2 ಅಡಿ ಪಾತಿ, ಆಮೇಲೆ ಒಂದೂಕಾಲು ಅಡಿ ದಾರಿ, ಮಧ್ಯೆ ಮೂರೂವರೆ ಅಡಿ ಪಾತಿ, ಮತ್ತೆ ಒಂದೂಕಾಲು ಅಡಿ ದಾರಿ, ಆ ಕಡೆ ಗೋಡೆಗೆ 2 ಅಡಿ ಪಾತಿ. ಕೂಡಿ ನೋಡಿ, 10 ಅಡಿಯೇ. ಪಾತಿಗಳ ಅಗಲ ಒಟ್ಟು ಏಳೂವರೆ ಅಡಿ, ಉದ್ದ 12, ಅಂದ್ರೆ 90 ಚದರ ಅಡಿ. ಎರಡೇ ಪಾತಿ ಮಾಡಿದ್ರೆ 96 ಸಿಗ್ತಿತ್ತು. ಆರೇ ಆರು ಚದರ ಅಡಿ ಕಮ್ಮಿ ಆಯ್ತು, ಆದ್ರೆ ಇಡೀ ತೋಟಕ್ಕೆ ಕೈ ಸಿಗತ್ತೆ.

ಪಾತಿ ಸೊಟ್ಟ ಆಗದ ಹಾಗೆ ಮೂಲೆಮಟ್ಟ ನೋಡೋಕೆ ಗಾರೆ ಕೆಲಸದವರ ಉಪಾಯಾನೇ ಸಾಕು. ಮೂಲೆಗೆ ಒಂದು ಗೂಟ ಹೊಡೆದು ಒಂದು ದಾರದಲ್ಲಿ 3 ಅಡಿಗೆ ಗುರುತು, ಇನ್ನೊಂದು ದಾರದಲ್ಲಿ 4 ಅಡಿಗೆ ಗುರುತು ಮಾಡಿ, ಆ ಎರಡು ಗುರುತಿನ ಮಧ್ಯೆ ಟೇಪು ಹಿಡಿದಾಗ ಸರಿಯಾಗಿ 5 ಅಡಿ ಬಂದ್ರೆ ಮೂಲೆ ನೇರ ಇದೆ ಅಂತ.

ಈಗ ಗೊಬ್ಬರ. ಹೊಸ ಪಾತಿಗೆ 2 ಅಂಗುಲ ದಪ್ಪ ಕೊಳೆತ ಗೊಬ್ಬರ ಹರಡಿ ಮಣ್ಣಿಗೆ ಬೆರೆಸಿದ್ರೆ ಧಾರಾಳ ಆಯ್ತು. 2 ಅಂಗುಲ ಅಂದ್ರೆ ಅಡಿಯ ಆರನೇ ಒಂದು ಭಾಗ, 90ನ್ನ 6ರಿಂದ ಭಾಗಿಸಿ, 15 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್, ಅಂದ್ರೆ 420 ಲೀಟರ್ ಆಸುಪಾಸು. ಖಾಲಿ ಸಿಮೆಂಟ್ ಚೀಲದಲ್ಲಿ ಅಳತೆ ಮಾಡೋದಾದ್ರೆ ಒಂದಕ್ಕೆ ಸುಮಾರು 35 ಲೀಟರ್ ಹಿಡಿಯತ್ತೆ, ಹನ್ನೆರಡು ಚೀಲ ಸಾಕು! ಎರಡು ಟ್ರ್ಯಾಕ್ಟರ್ ಲೋಡು ತರಿಸಿದ್ರೆ ಏನಾಗತ್ತೆ ನೋಡಿ, ಟ್ರೈಲರ್ 9 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಎತ್ತರ ಅಂತ ಇಟ್ಕೊಳ್ಳಿ, ಒಂದು ಲೋಡಿಗೆ 90 ಘನ ಅಡಿ, ಎರಡಕ್ಕೆ 180, ಅದನ್ನ ನಿಮ್ಮ 90 ಚದರ ಅಡಿಗೆ ಹರಡಿದ್ರೆ 2 ಅಡಿ ಎತ್ತರ, ಮಂಡಿ ದಾಟತ್ತೆ. ಮಣ್ಣು ನಿಮ್ಮ ನೆಲದಲ್ಲೇ ಇದೆ. ಮನೆ ಕಟ್ಟಿದ ಜಾಗ ಆದ್ರಿಂದ ಒಂದು ಅಡಿ ಅಗೆದು ಜಲ್ಲಿ, ಸಿಮೆಂಟು ಗಟ್ಟಿ, ಟೈಲ್ಸ್ ಚೂರು ಆರಿಸಿ ತೆಗೀರಿ, ಲೋಡಿಗೆ ಕೊಡೋ ದುಡ್ಡು ಆ ಕೆಲಸಕ್ಕೆ ಒಂದು ಆಳಿಗೆ ಕೊಟ್ರೆ ಸಾರ್ಥಕ.

ಗಿಡದ ಸಂಖ್ಯೆಗೆ ಒಂದು ಸಣ್ಣ ಎಚ್ಚರಿಕೆ. 12 ಅಡಿ ಸಾಲಲ್ಲಿ 2 ಅಡಿಗೊಂದು ಟೊಮ್ಯಾಟೊ ಅಂದ್ರೆ ಬೇಲಿ ಕಂಬದ ಲೆಕ್ಕದಲ್ಲಿ 7 ಬರತ್ತೆ, ಎರಡೂ ತುದಿಗೆ ಒಂದೊಂದು ಸೇರಿ. ಆದ್ರೆ ಗಿಡ ಕಂಬ ಅಲ್ಲ, ತುದಿಯಲ್ಲಿ ನೆಟ್ರೆ ಅರ್ಧ ಗಿಡ ದಾರಿಗೆ ಬರತ್ತೆ. ಎರಡೂ ತುದಿಗೆ ಒಂದೊಂದು ಅಡಿ ಬಿಟ್ಟು ಶುರು ಮಾಡಿ, 6 ಗಿಡ. ಮಧ್ಯದ ಪಾತಿಯಲ್ಲಿ ಎರಡು ಸಾಲು ಹಾಕಿದ್ರೆ 12. ಸಸಿ ಕೊಳ್ಳುವಾಗ 14 ತಗೊಳ್ಳಿ, ಒಂದೆರಡು ಹೋಗೇ ಹೋಗ್ತಾವೆ.

ಪ್ರಶ್ನೆ: ಮೇಡಂ, ನಾನು ಟೆರೇಸ್ ಮೇಲೆ ಮಲ್ಲಿಗೆ ಮಾಡಿದ್ದೇನೆ, 100 ಗ್ರೋಬ್ಯಾಗ್, ಒಂದೊಂದೂ 15 ಇಂಚು ಅಗಲದ್ದು. ಹೋದ ವಾರ ಏಳು ದಿನಕ್ಕೆ ಒಟ್ಟು 13 ಚೆಂಡು ಹೂ ಸಿಕ್ಕಿತು. ದಿನಕ್ಕೆ ಒಂದು ಅಟ್ಟೆ ಆಗಬೇಕಾದರೆ ಇನ್ನೆಷ್ಟು ಗಿಡ ಇಡಬೇಕು? ಟೆರೇಸ್ 800 ಚದರ ಅಡಿ. ಈಗ ಎಲ್ಲ ಬ್ಯಾಗ್ ನೆರಳು ಬೀಳದ ಒಂದು ಮೂಲೆಯಲ್ಲಿ, ಅಡುಗೆ ಕೋಣೆಯ ಮೇಲೆ ಒಟ್ಟಿಗೆ ಇದೆ. (ಉಡುಪಿ)

ಉತ್ತರ: ನಿಮ್ಮ ಪತ್ರದ ಕೊನೇ ವಾಕ್ಯ ಓದಿ ನಂಗೆ ಹೂವಿನ ಲೆಕ್ಕ ಮರೆತೇಹೋಯ್ತು, ಆದ್ರೂ ನೀವು ಕೇಳಿದ್ದು ಮೊದಲು ಹೇಳಿಬಿಡ್ತೀನಿ.

ನಿಮ್ಮ ಕಡೆ ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದ್ರೆ ಅಟ್ಟೆಗೆ 3200 ಹೂ. 13 ಚೆಂಡು ಅಂದ್ರೆ 10,400 ಹೂ, ಏಳರಿಂದ ಭಾಗಿಸಿದ್ರೆ ದಿನಕ್ಕೆ ಸುಮಾರು 1500, ನೂರು ಗಿಡಕ್ಕೆ ಹಂಚಿದ್ರೆ ಗಿಡಕ್ಕೆ 15. ದಿನಾ 3200 ಬೇಕಾದ್ರೆ 3200 ಭಾಗಿಸು 15, ಒಟ್ಟು ಹತ್ತಿರ ಹತ್ತಿರ 213 ಗಿಡ, ಅಂದ್ರೆ ಈಗಿರೋ ನೂರರ ಮೇಲೆ ಇನ್ನೂ 113. ಈ 15 ಅನ್ನೋದು ಒಂದು ವಾರದ ಸರಾಸರಿ ಅಷ್ಟೇ, ಮಳೆಗಾಲದಲ್ಲಿ ಬೇರೆ, ಚಿಗುರು ಕತ್ತರಿಸಿದ ಮೇಲೆ ಬೇರೆ, ಹಾಗಾಗಿ ಕ್ಯಾಲೆಂಡರ್ ಮೇಲೆ ದಿನಾ ಕೊಯ್ದ ಹೂವಿನ ಲೆಕ್ಕ ಬರೀತಾ ಹೋಗಿ, ಒಂದು ವರ್ಷ ಆದ್ಮೇಲೆ ಅದಕ್ಕಿಂತ ಒಳ್ಳೇ ಪುಸ್ತಕ ನಿಮಗೆ ಎಲ್ಲೂ ಸಿಗಲ್ಲ.

ಈಗ ಭಾರದ ವಿಷಯ, ದಯವಿಟ್ಟು ಗಮನ ಕೊಟ್ಟು ಓದಿ. 15 ಇಂಚು ಅಗಲ ಅಂದ್ರೆ ತ್ರಿಜ್ಯ ಏಳೂವರೆ, ಮಣ್ಣಿನ ಎತ್ತರ 14 ಇಂಚು ಅಂತ ಇಟ್ಕೊಂಡ್ರೆ 3.14 × 7.5 × 7.5 × 14, ಸುಮಾರು 2470 ಘನ ಇಂಚು, ಅದು 40 ಲೀಟರ್. ನೀರು ಕುಡಿದ ಮಣ್ಣುಗೊಬ್ಬರದ ಮಿಶ್ರಣ ನಾನೇ 10 ಲೀಟರ್ ಬಕೆಟ್ಟಲ್ಲಿ ತುಂಬಿ ತೂಗಿದಾಗ 13 ಕೆಜಿ ಬಂದಿತ್ತು. ಆ ಲೆಕ್ಕದಲ್ಲಿ ನಿಮ್ಮ ಒಂದು ಬ್ಯಾಗು 52 ಕೆಜಿ, ನೂರಕ್ಕೆ 5200 ಕೆಜಿ, ಐದು ಟನ್ನು ದಾಟ್ತು. ಜನ ಓಡಾಡೋ ಆರ್‌ಸಿಸಿ ತಾರಸಿಗೆ ಕಟ್ಟಡ ಎಷ್ಟು ಭಾರ ತಡೀಬೇಕು ಅನ್ನೋದಕ್ಕೆ ಇರೋ ನಮ್ಮ ದೇಶದ ಐಎಸ್ 875 ಸ್ಟ್ಯಾಂಡರ್ಡ್ ಹೇಳೋದು ಒಂದು ಚದರ ಮೀಟರಿಗೆ ಸುಮಾರು 150 ಕೆಜಿ. ನಿಮ್ಮ ತಾರಸಿ 800 ಚದರ ಅಡಿ ಅಂದ್ರೆ 74 ಚದರ ಮೀಟರ್, ನೂರು ಬ್ಯಾಗನ್ನ ಇಡೀ ತಾರಸಿಗೆ ಹರಡಿದ್ರೆ ಮೀಟರಿಗೆ 70 ಕೆಜಿ, ಚಿಂತೆ ಇಲ್ಲ. ಆದ್ರೆ ನೀವು ಒಂದು ಮೂಲೆಗೆ ಒತ್ತಿದೀರಿ, ಒಂದು ಚದರ ಮೀಟರಲ್ಲಿ ನಾಲ್ಕು ಬ್ಯಾಗ್ ಕೂತಿದ್ರೆ ಅಲ್ಲಿ 208 ಕೆಜಿ! ಅದೂ ನಿಮ್ಮ ಕಡೆಯ ಜೂನು ಜುಲೈ ಮಳೆಗೆ ಬ್ಯಾಗು ಒಣಗೋ ಮಾತೇ ಇಲ್ಲ. ಕೆಳಗೆ ದಿನಾ ನಿಂತು ಅಡುಗೆ ಮಾಡೋರು ನೀವೇ ಅಲ್ವಾ.

ಈ ವಾರಾನೇ ಬ್ಯಾಗು ಹರಡಿ. ಮೀಟರಿಗೆ ಎರಡಕ್ಕಿಂತ ಜಾಸ್ತಿ ಬೇಡ, ಕೆಳಗೆ ಗೋಡೆ ಅಥವಾ ತೊಲೆ ಎಲ್ಲಿ ಬರತ್ತೋ ಆ ಗೆರೆ ಮೇಲೇ ಸಾಲು ಇಡಿ, ನೀರು ಹರಿದು ಹೋಗೋಕೆ ಕೆಳಗೆ ಇಟ್ಟಿಗೆ ಕೊಡಿ. ನಮ್ಮನೆ ತಾರಸಿಯಲ್ಲೂ ಎಂಟು ವರ್ಷದ ಹಿಂದೆ ಕುಂಡ ಎಲ್ಲ ಒಂದೇ ಕಡೆ ಇಟ್ಟು, ಅಡಿಯಲ್ಲಿ ನೀರು ನಿಂತು, ಕೆಳಗಿನ ರೂಮಿನ ಸೂರಲ್ಲಿ ಅಂಗೈ ಅಗಲದ ತೇವದ ಕಲೆ ಬಂದು ಗಿಲಾವು ಉದುರಿತ್ತು, ಅವತ್ತಿಂದ ನಾನು ಯಾರಿಗೂ ಈ ಲೆಕ್ಕ ಹೇಳದೆ ಬಿಡಲ್ಲ. ಮೀಟರಿಗೆ ಎರಡು ಅಂದ್ರೂ 74 ಮೀಟರಿಗೆ 148 ಬ್ಯಾಗು, ಅದರಲ್ಲಿ ಓಡಾಡೋ ದಾರಿ, ಟ್ಯಾಂಕಿನ ಜಾಗ ಕಳೀರಿ. ಹಾಗಾಗಿ 213 ಗಿಡ ನಿಮ್ಮ ತಾರಸಿಗೆ ಆಗೋ ಮಾತಲ್ಲ. ಗಿಡ ಜಾಸ್ತಿ ಮಾಡೋ ಬದಲು ಈಗಿರೋ ಗಿಡದಲ್ಲಿ 15ನ್ನ 20 ಮಾಡೋ ದಾರಿ ನೋಡಿ, ದಿನಕ್ಕೆ ಎರಡೂವರೆ ಚೆಂಡು ಆಗತ್ತೆ. ಹಳೇ ಮನೆ ಆಗಿದ್ರೆ ಒಬ್ಬ ಸಿವಿಲ್ ಇಂಜಿನಿಯರ್‌ಗೆ ತೋರಿಸದೆ ಒಂದು ಬ್ಯಾಗೂ ಹೊಸದಾಗಿ ಇಡಬೇಡಿ.

ಪ್ರಶ್ನೆ: ದಿನಾ ಸಂಜೀಕ ಅರ್ಧಾ ತಾಸು ಪೈಪ್ ಹಿಡದು ನೀರ ಬಿಡ್ತೇನ್ರಿ, ಆದರೂ ಬದನಿ ಗಿಡದ ಎಲಿ ಹಳದಿ ಆಗಾಕತ್ತಾವ. ನೀರ ಕಮ್ಮಿ ಬೀಳಾಕತ್ತೈತೇನ್ರಿ? ಜಾಗ 80 ಚದರ ಫೂಟ್ ಐತಿ, ಎರಿ ಮಣ್ಣು. (ಧಾರವಾಡ)

ಉತ್ತರ: ಕಮ್ಮಿ ಅಲ್ಲ ಅಣ್ಣಾ, ಜಾಸ್ತಿ. ಒಂದು ಬಕೆಟ್ ಇಟ್ಟು ಮೊಬೈಲಲ್ಲಿ ಟೈಮ್ ನೋಡಿ. ನಮ್ಮನೆ ನಲ್ಲಿಯಲ್ಲಿ 10 ಲೀಟರ್ ಬಕೆಟ್ ತುಂಬೋಕೆ 40 ಸೆಕೆಂಡು, ಅಂದ್ರೆ ನಿಮಿಷಕ್ಕೆ 15 ಲೀಟರ್, ಅರ್ಧ ಗಂಟೆಗೆ 450 ಲೀಟರ್. ನಿಮ್ಮ 80 ಚದರ ಅಡಿ ಅಂದ್ರೆ ಸುಮಾರು ಏಳೂವರೆ ಚದರ ಮೀಟರ್. ಬೇಸಿಗೆಯಲ್ಲೂ ತರಕಾರಿಗೆ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಆಸುಪಾಸು ಸಾಕು, ಅಂದ್ರೆ 37, 38 ಲೀಟರ್, ಎರಡೂವರೆ ನಿಮಿಷದ ಕೆಲಸ. ನೀವು ಅದರ ಹನ್ನೆರಡು ಪಟ್ಟು ಬಿಡ್ತಿದೀರಿ.

ಇದನ್ನೇ ಇನ್ನೊಂದು ಥರ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಸರಿಯಾಗಿ ಒಂದು ಲೀಟರ್ ನೀರು. 450 ಲೀಟರನ್ನ ಏಳೂವರೆಯಿಂದ ಭಾಗಿಸಿದ್ರೆ 60, ಅಂದ್ರೆ ನಿಮ್ಮ ಬದನೆ ಮೇಲೆ ದಿನಾ 60 ಮಿಲಿಮೀಟರ್ ಮಳೆ ಹೊಯ್ದ ಹಾಗೆ. ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳತ್ತೆ, ಬೇರಿಗೆ ಉಸಿರಾಡೋಕೆ ಗಾಳಿ ಇರಲ್ಲ, ಎಲೆ ಹಳದಿ ಆಗೋದು ಅದಕ್ಕೇ. ನಿಮ್ಮ ನಲ್ಲಿ ನಮ್ಮದಕ್ಕಿಂತ ಅರ್ಧ ಸಣ್ಣಗೆ ಬಂದ್ರೂ ಲೆಕ್ಕ ಬದಲಾಗಲ್ಲ, ಆರು ಪಟ್ಟು ಇದ್ದೇ ಇರತ್ತೆ. ನಾಲ್ಕೈದು ದಿನ ನೀರು ನಿಲ್ಲಿಸಿ, ಬೆರಳಿನ ಎರಡು ಗೆಣ್ಣು ಮಣ್ಣೊಳಗೆ ಇಳಿಸಿ ನೋಡಿ, ಒಣಗಿದೆ ಅನ್ಸಿದ ಮೇಲೆ ಬಿಡಿ. ಧಾರವಾಡದಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರ್ತಿತ್ತು ಅನ್ನೋದು ನಿಮಗೇ ನೆನಪಿರಬೇಕು, ಉಳಿದ 400 ಲೀಟರ್ ಒಂದು ಮನೆಗೆ ಆಗತ್ತೆ.

ಪ್ರಶ್ನೆ: ಟೆರೇಸ್ ಮಳೆನೀರು ಹಿಡಿಯೋಕೆ 500 ಲೀಟರ್ ಡ್ರಮ್ ಒಂದು ಸಾಕಾ? ಚಾವಣಿ 1000 ಚದರ ಅಡಿ. (ಬೆಂಗಳೂರು)

ಉತ್ತರ: ಮೇಲಿನ ಲೆಕ್ಕಾನೇ. 1000 ಚದರ ಅಡಿ ಅಂದ್ರೆ 93 ಚದರ ಮೀಟರ್, 10 ಮಿಲಿಮೀಟರಿನ ಒಂದು ಸಾಧಾರಣ ಮಳೆಗೆ 930 ಲೀಟರ್, ಚೆಲ್ಲಿದ್ದು ಆವಿಯಾಗಿದ್ದು ಅಂತ ಐದನೇ ಒಂದು ಭಾಗ ಕಳೆದ್ರೂ 740. ಅಂದ್ರೆ ಒಂದೇ ಮಳೆಗೆ ಡ್ರಮ್ಮು ತುಂಬಿ ಹರಿಯತ್ತೆ. ವರ್ಷಕ್ಕೆ ಬೆಂಗಳೂರಲ್ಲಿ ಸುಮಾರು 970 ಮಿಲಿಮೀಟರ್ ಮಳೆ, ನಿಮ್ಮ ಚಾವಣಿಯಿಂದ 70 ಸಾವಿರ ಲೀಟರ್ ಮೇಲೆ ಸಿಗಬೇಕು. ಡ್ರಮ್ಮು ತೋಟಕ್ಕೆ ಇರಲಿ, ಅದರ ಓವರ್‌ಫ್ಲೋ ಪೈಪನ್ನ ಇಂಗುಗುಂಡಿಗೋ ಸಂಪಿಗೋ ಕೊಡಿ. ಮೊದಲ ಮಳೆಯ ನೀರು ಹಿಡೀಬೇಡಿ, ಚಾವಣಿ ಧೂಳೆಲ್ಲ ಅದರಲ್ಲೇ ಇರತ್ತೆ.

ಪ್ರಶ್ನೆ: ಟೀಚರ್, ನಾನು ಒಂಬತ್ತನೇ ಕ್ಲಾಸ್. ನಮ್ಮ ಸ್ಕೂಲ್ ಕೈತೋಟ ಒಂದು ಗುಂಟೆ ಇದೆ. ಜೀವಾಮೃತ ಅನ್ನೋ ಸಗಣಿ ಗಂಜಲದ ದ್ರವಗೊಬ್ಬರ ಮಾಡಬೇಕು ಅಂತ ಸರ್ ಹೇಳಿದಾರೆ, ಆದ್ರೆ ಎಲ್ಲ ಕಡೆ ಎಕರೆಗೆ 200 ಲೀಟರ್ ಅಂತಾನೇ ಹೇಳ್ತಾರೆ. (ಶಿವಮೊಗ್ಗ ಜಿಲ್ಲೆ)

ಉತ್ತರ: ಪುಟ್ಟಾ, ನಿನ್ನ ಪ್ರಶ್ನೆ ತ್ರೈರಾಶಿಯ ಒಳ್ಳೇ ಉದಾಹರಣೆ. ಎಕರೆಗೆ 40 ಗುಂಟೆ. 200ನ್ನ 40ರಿಂದ ಭಾಗಿಸು, ಗುಂಟೆಗೆ 5 ಲೀಟರ್. 200 ಲೀಟರಿಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಎಲ್ಲವನ್ನೂ 40ರಿಂದ ಭಾಗಿಸಿದ್ರೆ ಕಾಲು ಕೆಜಿ ಸಗಣಿ, ಕಾಲು ಲೀಟರ್ ಗಂಜಲ, 50 ಗ್ರಾಂ ಬೆಲ್ಲ, 50 ಗ್ರಾಂ ಕಡಲೆ ಹಿಟ್ಟು. ಹಿಡಿ ಮಣ್ಣನ್ನ ಮಾತ್ರ ಭಾಗಿಸೋಕೆ ಹೋಗಬೇಡ, ಒಂದು ಚಿಟಿಕೆ ಹಾಕು, ಅದು ಸೂಕ್ಷ್ಮಜೀವಿಗಳ ಬೀಜ ಇದ್ದ ಹಾಗೆ, ತಾನೇ ಬೆಳೆಯತ್ತೆ. ನೆರಳಲ್ಲಿ ಎರಡು ದಿನ ಇಟ್ಟು ಬೆಳಿಗ್ಗೆ ಸಂಜೆ ಕೋಲಲ್ಲಿ ತಿರುವಿ, ವಾರದೊಳಗೆ ಬಳಸಿ. ಕುಂಡಕ್ಕೆ ಹಾಕೋದಾದ್ರೆ ನಾನು ಒಂದು ಲೋಟಕ್ಕೆ ಹತ್ತು ಲೋಟ ನೀರು ಸೇರಿಸ್ತೀನಿ. ನಿನ್ನ ಕ್ಲಾಸಿನವರೆಲ್ಲ ಸೇರಿ ಗುಂಟೆಯನ್ನ ಟೇಪಲ್ಲಿ ಅಳೆದು ನೋಡಿ, 33 ಅಡಿಗೆ 33 ಅಡಿ, 1089 ಚದರ ಅಡಿ ಬರಬೇಕು.

ಪ್ರಶ್ನೆ: ಕೊತ್ತಂಬರಿ ಹಾಕಿದಾಗೆಲ್ಲ ಅರ್ಧಂಬರ್ಧ ಹುಟ್ಟುತ್ತೆ. ಹರಿವೆ ಸೊಪ್ಪು ಮಾತ್ರ ಒಟ್ಟಿಗೆ ಬಂದು, ಅಕ್ಕಪಕ್ಕದವರಿಗೆ ಹಂಚಿದ್ರೂ ಮುಗಿಯಲ್ಲ, ಆಮೇಲೆ ಒಂದು ತಿಂಗಳು ಏನೂ ಇರಲ್ಲ. (ಹಾಸನ)

ಉತ್ತರ: ಎರಡಕ್ಕೂ ಎಣಿಕೆಯೇ ಮದ್ದು. ಬಿತ್ತೋ ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಡಬ್ಬಿಯಲ್ಲಿ ಇಡಿ, ಬಟ್ಟೆ ಒಣಗಬಾರದು. ಬೆಂಡೆ, ಹುರುಳಿಕಾಯಿಗೆ ನಾಲ್ಕೈದು ದಿನ ಸಾಕು, ಕೊತ್ತಂಬರಿಗೆ ಹತ್ತು ಹನ್ನೆರಡು ದಿನ ಕಾಯಬೇಕು. ಹತ್ತರಲ್ಲಿ ಆರು ಮೊಳಕೆ ಬಂದ್ರೆ ನೂರಕ್ಕೆ ಅರವತ್ತು. ನಿಮಗೆ 30 ಗಿಡ ಬೇಕು ಅಂದ್ರೆ 30ನ್ನ 0.6ರಿಂದ ಭಾಗಿಸಿ, 50 ಬೀಜ ಹಾಕಬೇಕು. ಮೂರಕ್ಕಿಂತ ಕಮ್ಮಿ ಬಂದ್ರೆ ಆ ಬೀಜದ ಮೇಲೆ ನಂಬಿಕೆ ಇಡಬೇಡಿ, ಅಂಗಡಿಯಿಂದ ಹೊಸದು ತನ್ನಿ. ಕೊತ್ತಂಬರಿಯಲ್ಲಿ ಇನ್ನೊಂದು ವಿಶೇಷ ಇದೆ, ನಾವು ಒಂದು ಬೀಜ ಅನ್ಕೊಂಡಿರೋ ಆ ಗುಂಡು ಕಾಳಿನೊಳಗೆ ಎರಡು ಬೀಜ ಇರತ್ತೆ. ಲಟ್ಟಣಿಗೆಯಲ್ಲಿ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ. 100 ಕಾಳಿಗೆ 200 ಗಿಡ ಬರೋಕೆ ಅವಕಾಶ ಇದೆ. ಮಸಾಲೆಗೆ ತಂದ ಧನಿಯಾ ಹಳೇದಾಗಿದ್ರೆ ಮಾತ್ರ ಏನು ಮಾಡಿದ್ರೂ ಬರಲ್ಲ.

ಹರಿವೆಗೆ ಬಿತ್ತಿದ 28ನೇ ದಿನದ ಹೊತ್ತಿಗೆ ಕೀಳೋಕೆ ಬರತ್ತೆ. ಇರೋ ಪಾತಿಯನ್ನ ನಾಲ್ಕು ಭಾಗ ಮಾಡಿ, ವಾರಕ್ಕೆ ಒಂದೇ ಭಾಗ ಬಿತ್ತಿ. ನಾಲ್ಕನೇ ಭಾಗ ಬಿತ್ತಿ ಒಂದು ವಾರಕ್ಕೆ ಮೊದಲನೇದು ಬಸ್ಸಾರಿಗೆ ರೆಡಿ, ಅದನ್ನ ಕಿತ್ತ ದಿನವೇ ಮತ್ತೆ ಅಲ್ಲಿ ಬಿತ್ತಿ. 28ನ್ನ 7ರಿಂದ ಭಾಗಿಸಿದ್ರೆ 4, ಅಷ್ಟೇ ಇದರ ಗುಟ್ಟು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿ ಹಾಕಿದ್ರೆ ಕೀಳೋ ಬದಲು ಕತ್ತರಿಸಬಹುದು, ಮತ್ತೆ ಮತ್ತೆ ಚಿಗುರತ್ತೆ, ಆಗ ಎರಡು ಭಾಗ ಸಾಕು.

ಹುರುಳಿಕಾಯಿ, ಬೆಂಡೆಗೆ ವಾರದ ಅಂತರ ಬೇಡ. ಅದಕ್ಕೆ ನಾನು ಮಳೆ ನಕ್ಷತ್ರ ಹಿಡೀತೀನಿ, ವರ್ಷಕ್ಕೆ 27 ನಕ್ಷತ್ರ, 365ನ್ನ ಭಾಗಿಸಿದ್ರೆ ಒಂದಕ್ಕೆ ಹದಿಮೂರೂವರೆ ದಿನ. ರೋಹಿಣಿಗೆ ಒಂದು ಸಾಲು, ಮೃಗಶಿರಕ್ಕೆ ಒಂದು, ಆರಿದ್ರಕ್ಕೆ ಒಂದು. ನಮ್ಮಜ್ಜಿ ಪಂಚಾಂಗ ನೋಡಿ ಹೀಗೇ ಬಿತ್ತಿಸ್ತಿದ್ರು, ಎರಡು ವಾರಕ್ಕೊಂದು ಸಾಲು ಅನ್ನೋ ಲೆಕ್ಕ ಅದರಲ್ಲೇ ಕೂತಿದೆ ಅಂತ ನಂಗೆ ತಿಳಿದಿದ್ದು ಎಷ್ಟೋ ವರ್ಷ ಆದ್ಮೇಲೆ.

ಪ್ರಶ್ನೆ: ನಮ್ಮ ತೋಟದ ದಕ್ಷಿಣಕ್ಕೆ ಪಕ್ಕದವರ ಎರಡಂತಸ್ತಿನ ಮನೆ ಇದೆ, 20 ಅಡಿ ಎತ್ತರ. ಜೂನಲ್ಲಿ ಚೆನ್ನಾಗಿ ಬಂದ ಪಾತಿ ಡಿಸೆಂಬರಲ್ಲಿ ಸೊರಗಿಹೋಯ್ತು. ಗೊಬ್ಬರ ಕಮ್ಮಿ ಆಯ್ತಾ? (ತುಮಕೂರು)

ಉತ್ತರ: ಬಿಸಿಲು ಕಮ್ಮಿ ಆಯ್ತು. ತುಮಕೂರು ಬೆಂಗಳೂರು ಕಡೆ ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯನೂ ದಕ್ಷಿಣಕ್ಕೆ ವಾಲಿರ್ತಾನೆ, ನೆರಳಿನ ಉದ್ದ ಎತ್ತರದ ಮುಕ್ಕಾಲು ಪಾಲು. 20 ಅಡಿ ಮನೆಯ ನೆರಳು ಉತ್ತರಕ್ಕೆ, ಅಂದ್ರೆ ನಿಮ್ಮ ಕಡೆಗೆ, 15 ಅಡಿ. ಜೂನಲ್ಲಿ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರ್ತಾನೆ, ಆಗ ಅದೇ ಮನೆಯ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳತ್ತೆ, ಬರೀ ಮೂರೂವರೆ ಅಡಿ, ಅದೂ ಅವರ ಅಂಗಳಕ್ಕೆ. ಮಧ್ಯೆ ಏಪ್ರಿಲ್ ಕೊನೇ ವಾರ ಒಂದು ದಿನ, ಆಗಸ್ಟ್ ಮಧ್ಯದಲ್ಲಿ ಒಂದು ದಿನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ಮಧ್ಯಾಹ್ನ ನೆರಳೇ ಇರಲ್ಲ, ಮಕ್ಕಳನ್ನ ಕೂರಿಸಿಕೊಂಡು ನೋಡಿ.

ಹಾಗಾಗಿ ಗೋಡೆಯಿಂದ 15 ಅಡಿ ಆಚೆ ಇರೋ ಜಾಗಕ್ಕೆ ಚಳಿಗಾಲದ ಟೊಮ್ಯಾಟೊ, ಬದನೆ ಹಾಕಿ. ಗೋಡೆ ಪಕ್ಕದ ಪಾತಿಗೆ ಆ ಮೂರು ತಿಂಗಳು ಪುದೀನ, ದೊಡ್ಡಪತ್ರೆ ಸಾಕು. ಮನೆ ಎತ್ತರ ಗೊತ್ತಿಲ್ಲದವರು 3 ಅಡಿ ಕೋಲು ನೆಟ್ಟು ಅದರ ನೆರಳು ಅಳೀರಿ, ಅದೇ ಹೊತ್ತಲ್ಲಿ ಮನೆ ನೆರಳು ಅಳೀರಿ. ಕೋಲಿನ ನೆರಳು 2 ಅಡಿ, ಮನೆ ನೆರಳು 14 ಅಡಿ ಬಂದ್ರೆ ಏಳು ಪಟ್ಟು, ಮನೆ 21 ಅಡಿ.

ಪ್ರಶ್ನೆ: ಅಡಿಕೆ ಸಸಿ ನೆಡಬೇಕು, 20 ಗುಂಟೆ, 9 ಅಡಿ ಅಂತರ. ಚೌಕ ಬಿಟ್ಟು ತ್ರಿಕೋನದಲ್ಲಿ ನೆಟ್ಟರೆ ಜಾಸ್ತಿ ಹಿಡಿಯತ್ತೆ ಅಂತಾರಲ್ಲ ಮೇಡಂ? (ಚನ್ನಗಿರಿ)

ಉತ್ತರ: ಹಿಡಿಯತ್ತೆ. 20 ಗುಂಟೆಗೆ 21,780 ಚದರ ಅಡಿ. ಚೌಕದಲ್ಲಿ ಒಂದು ಗಿಡಕ್ಕೆ 81 ಚದರ ಅಡಿ, ಸುಮಾರು 269 ಗಿಡ. ತ್ರಿಕೋನದಲ್ಲಿ ಗಿಡಗಿಡಕ್ಕೆ 9 ಅಡಿಯೇ ಇದ್ರೂ ಸಾಲುಗಳ ಅಂತರ 7 ಅಡಿ 9 ಅಂಗುಲಕ್ಕೆ ಇಳಿಯತ್ತೆ, ನೂರಕ್ಕೆ ಹದಿನೈದು ಜಾಸ್ತಿ, 310 ಹತ್ತಿರ. ಬದು, ಬಸಿಗಾಲುವೆ ಕಳೆದ್ರೆ ಎರಡೂ ಕಡೆ ಸ್ವಲ್ಪ ಕಮ್ಮಿ ಆಗತ್ತೆ. ಆದ್ರೆ ಮಧ್ಯೆ ಬಾಳೆ ಹಾಕೋ ಯೋಚನೆ, ಸಣ್ಣ ಟಿಲ್ಲರ್ ಓಡಿಸೋ ಯೋಚನೆ ಇದ್ರೆ ನಾನು ಚೌಕಾನೇ ಹೇಳ್ತೀನಿ. ಆ ನಲವತ್ತು ಗಿಡಕ್ಕಾಗಿ ಮೂವತ್ತು ವರ್ಷ ಬೆಳಕಿಗೂ ದಾರಿಗೂ ಕಷ್ಟ ಪಡಬೇಡಿ.

ಪ್ರಶ್ನೆ: ಕೊಳೆರೋಗಕ್ಕೆ ಸಿಂಪಡಿಸೋ ಬೋರ್ಡೋ ದ್ರಾವಣ ಮನೆ ಪಕ್ಕದ ನಾಲ್ಕು ಗಿಡಕ್ಕೆ ಬೇಕು, 2 ಲೀಟರ್ ಸಾಕು. (ಶಿರಸಿ)

ಉತ್ತರ: ಶೇಕಡಾ ಒಂದರ ದ್ರಾವಣ ಅಂದ್ರೆ 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. 2 ಲೀಟರಿಗೆ ಎರಡೂ 20 ಗ್ರಾಂ. ಪ್ಲಾಸ್ಟಿಕ್ ಬಕೆಟ್ಟಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಿ, ಹೊಳೆಯೋ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪು ಅಂಟಿದ್ರೆ ಇನ್ನೂ ಸ್ವಲ್ಪ ಸುಣ್ಣ ಬೇಕು. ಬೇವಿನ ಎಣ್ಣೆ ಕೇಳಿದವರಿಗೂ ಇಲ್ಲೇ ಹೇಳಿಬಿಡ್ತೀನಿ, ಲೀಟರಿಗೆ 5 ಎಂಎಲ್, ಅಂದ್ರೆ ಒಂದು ಟೀ ಚಮಚ, ಬೆರೆಯೋಕೆ ಎರಡು ಹನಿ ಸೋಪಿನ ನೀರು.

ಪ್ರಶ್ನೆ: ನನಗೆ ಎಪ್ಪತ್ತೆರಡು ವರ್ಷ. ಅಡಿ, ಮೀಟರು ಕಣ್ಣಿಗೆ ಕಾಣಲ್ಲಮ್ಮ, ಗೇಣು ಮೊಳ ಗೊತ್ತು. ಮೊಮ್ಮಗ ಟೇಪು ತಂದುಕೊಟ್ಟಿದಾನೆ, ಅದರ ಅಕ್ಷರ ತುಂಬ ಸಣ್ಣ. (ಮಂಡ್ಯ ಜಿಲ್ಲೆ)

ಉತ್ತರ: ಅಮ್ಮಾ, ಗೇಣು ಮೊಳಾನೇ ಸಾಕು. ಮೊಮ್ಮಗನ ಹತ್ರ ಒಂದೇ ಒಂದು ಸಲ ಟೇಪಲ್ಲಿ ನಿಮ್ಮ ಗೇಣು ಅಳೆಸಿ, ಸಾಮಾನ್ಯ 8, 9 ಅಂಗುಲ ಬರತ್ತೆ, ಮೊಳ ಅದರ ಎರಡರಷ್ಟು, ಮಾರು ನಾಲ್ಕು ಮೊಳ. ನಿಮ್ಮ ಕೈಗೆ ಸರಿಯಾಗಿ ಎಷ್ಟು ಬಂತೋ ಅದನ್ನ ಹಿತ್ತಿಲ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆಸಿ. ಗೇಣು 9 ಅಂಗುಲ ಇದ್ರೆ ಬೆಂಡೆ ಸಾಲಿಂದ ಸಾಲಿಗೆ ಎರಡು ಗೇಣು, ಗಿಡದಿಂದ ಗಿಡಕ್ಕೆ ಒಂದು ಗೇಣು ಮೇಲೆ ನಾಲ್ಕು ಬೆರಳು. ಟೊಮ್ಯಾಟೊಗೆ ಮೂರು ಗೇಣಿಗೆ ನಾಲ್ಕು ಬೆರಳು ಕಮ್ಮಿ. ಹರಿವೆಗೆ ಏನೂ ಅಳೀಬೇಡಿ, ಬೀಜಕ್ಕೆ ಮೂರು ಹಿಡಿ ಮರಳು ಸೇರಿಸಿ ನೀವು ಮೊದಲಿಂದ ಎರಚ್ತಿದ್ದ ಹಾಗೇ ಎರಚಿ.